14 ವರ್ಷ ಬಿಟ್ಟು ಮತ್ತೆ ಮಾಡೆಲ್ ಕಾರು ಕಟ್ಟಲು ಕೂತಿದ್ದೇನೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಸೇರಿದ ಮೇಲೆ ಈ ಹವ್ಯಾಸ ನಿಂತೇ ಹೋಗಿತ್ತು. ಹೋದ ವಾರ ಶಿವಮೊಗ್ಗದ ಮನೆ ಅಟ್ಟದಲ್ಲಿ ಅರ್ಧ ಕಟ್ಟಿಟ್ಟಿದ್ದ ತಮಿಯಾ ಕಂಪನಿಯ 1/24 ಅಳತೆಯ ಮಿನಿ ಕೂಪರ್ ರ‍್ಯಾಲಿ ಕಿಟ್ ಸಿಕ್ಕಿತು. ಡಬ್ಬಿ ತೆಗೆದಾಗ ಹಳೇ ಪ್ಲಾಸ್ಟಿಕ್ ವಾಸನೆ ಬಂತು, ಅವತ್ತೇ ನಿರ್ಧಾರ ಮಾಡಿದೆ, ಇದನ್ನು ಮುಗಿಸಲೇಬೇಕು.

ಡೆಕಾಲ್ (ಕಾರಿನ ಮೇಲೆ ಅಂಟಿಸುವ ಚಿತ್ರಗಳು) ಹಳದಿಯಾಗಿವೆ. ಜಿಪ್ ಕವರಿನಲ್ಲಿ ಹಾಕಿ ಕಿಟಕಿ ಗಾಜಿಗೆ ಅಂಟಿಸಿ ಬಿಸಿಲಿಗೆ ಇಟ್ಟರೆ ಬೆಳ್ಳಗಾಗುತ್ತವೆ ಅಂತಾರೆ, ಆದರೆ ಈ ಮಳೆಯಲ್ಲಿ ಬಿಸಿಲೆಲ್ಲಿ? ರಬ್ಬರ್ ಟಯರ್ ತಾಗಿಕೊಂಡಿದ್ದ ಕಡೆ ಬಂಪರ್ ಸ್ವಲ್ಪ ಕರಗಿ ಗುಳಿ ಬಿದ್ದಿದೆ, ಅದಕ್ಕೆ ಪುಟ್ಟಿ ತುಂಬಿ ಉಜ್ಜುತ್ತೇನೆ.

ದೊಡ್ಡ ತಲೆನೋವು ಬಣ್ಣದ್ದು. ಆಗ ಕಾರಿನ ಬಾಡಿ ಮೇಲೆ ಬ್ರಷ್‌ನಲ್ಲಿ ಎನಾಮಲ್ ಬಣ್ಣ ಬಳಿದಿದ್ದೆ, ಬಾಗಿಲಿನ ಗೆರೆಗಳೆಲ್ಲ ಮುಚ್ಚಿಹೋಗಿವೆ. ಅದರ ಮೇಲೇ ಲ್ಯಾಕರ್ (ಬೇರೆ ಬಗೆಯ, ಬೇಗ ಒಣಗುವ ಬಣ್ಣ) ಸ್ಪ್ರೇ ಹೊಡೆದರೆ ಕೆಳಗಿನ ಬಣ್ಣ ಸುಕ್ಕುಗಟ್ಟುತ್ತದೆ, ಹಾಗಾಗಿ ಪೂರ್ತಿ ತೆಗೆಯಬೇಕು. ಪ್ಲಾಸ್ಟಿಕ್ ಹಾಳಾಗದ ಹಾಗೆ ಯಾವುದರಲ್ಲಿ ನೆನೆಸಿದರೆ ಒಳ್ಳೆಯದು? ಬ್ರೇಕ್ ಆಯಿಲ್‌ನಲ್ಲಿ ನೆನೆಸಿದವರು ಇದ್ದೀರಾ, ಎಷ್ಟು ಹೊತ್ತು ಬಿಟ್ಟಿರಿ?

ಇನ್ನೊಂದು, ಮಳೆಗಾಲದ ತೇವದಲ್ಲಿ ಲ್ಯಾಕರ್ ಬಿಳಿಚಿಕೊಳ್ಳುತ್ತದೆ ಅಲ್ವಾ, ಮಲೆನಾಡು ಕಡೆಯವರು ಯಾವ ಹೊತ್ತಿನಲ್ಲಿ ಸ್ಪ್ರೇ ಮಾಡುತ್ತೀರಿ? ಅಥವಾ ಸುಮ್ನೆ ಬೇಸಿಗೆವರೆಗೆ ಕಾಯಲೇ? 1967ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಕಾರಿನ ಹಾಗೆ ಕೆಂಪು ಬಾಡಿ, ಬಿಳಿ ರೂಫ್ ಮಾಡುವಾಸೆ. ಕೆಂಪಿನ ಕೆಳಗೆ ಬಿಳಿ ಪ್ರೈಮರ್ ಹಾಕಲೇ, ಗುಲಾಬಿಯೇ? ಬೆಂಗಳೂರಿನಲ್ಲಿ ಸ್ಪ್ರೇ ಕ್ಯಾನ್ ಕೈಯಲ್ಲೇ ಕೊಳ್ಳಬಹುದಾದ ಅಂಗಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಮುಂದಿನ ಶನಿವಾರ ಬರುತ್ತಿದ್ದೇನೆ.