ಮಾನೋಮರ್ ಹಾಕಿದರೂ ಮೈಕ್ರೋಗ್ಲಿಯಾ ರೇಗುತ್ತಿವೆ, ಎಲ್ಲಿ ತಪ್ಪಿದೆ?

ಪಿಪೆಟ್‌ಪ್ರಿಯೆ:
ನಮಸ್ಕಾರ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಗಂಟು ಕಟ್ಟುವ ಆಲ್ಫಾ ಸಿನ್ಯೂಕ್ಲಿನ್ ಪ್ರೋಟೀನ್ ಬಿಡಿಬಿಡಿಯಾಗಿದ್ದಾಗ (ಮಾನೋಮರ್) ಮತ್ತು ನಾರಾಗಿ ಹೆಣೆದುಕೊಂಡಾಗ (ಫೈಬ್ರಿಲ್) ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ ಹೇಗೆ ವರ್ತಿಸುತ್ತವೆ ಅಂತ ನೋಡುತ್ತಿದ್ದೇನೆ. ಬಿವಿ2 ಕೋಶಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಇಲಿಯ ಮೈಕ್ರೋಗ್ಲಿಯಾ) ಒಂದು ಕಡೆ ಮಾನೋಮರ್, ಇನ್ನೊಂದು ಕಡೆ ಫೈಬ್ರಿಲ್, 24 ಗಂಟೆ. ಎಲೈಸಾದಲ್ಲಿ (ಪ್ರೋಟೀನ್ ಅಳೆಯುವ ಪರೀಕ್ಷೆ) ನೋಡಿದರೆ ಉರಿಯೂತದ ಸಂಕೇತವಾದ ಟಿಎನ್‌ಎಫ್ ಎರಡರಲ್ಲೂ ಜಾಸ್ತಿ. ಮಾನೋಮರ್ ಹೆಚ್ಚುಕಮ್ಮಿ ಸುಮ್ನೆ ಇರಬೇಕಿತ್ತು ಅಲ್ವಾ? ಬರೀ ಬಫರ್ ಹಾಕಿದ ವೆಲ್‌ಗಳು ತಣ್ಣಗಿವೆ. ಪ್ರೋಟೀನ್ ನಾವೇ ಇ. ಕೋಲಿಯಲ್ಲಿ ಮಾಡಿದ್ದು. ಜೆಲ್‌ನಲ್ಲಿ ಒಂದೇ ಬ್ಯಾಂಡ್.

ಹಳೇಬೆಂಚು:
ಇ. ಕೋಲಿ ಅಂದಿರಲ್ಲ, ನನ್ನ ಅನುಮಾನ ಅಲ್ಲೇ. ಆ ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್ ಅನ್ನುವ ವಿಷವಸ್ತು ನಿಮ್ಮ ಪ್ರೋಟೀನಿಗೆ ಅಂಟಿಕೊಂಡೇ ಬರುತ್ತದೆ. ಪ್ರೋಟೀನಿಗೆ ಬಣ್ಣ ಕೊಡುವ ಕೂಮಾಸಿ ಜೆಲ್‌ನಲ್ಲಿ ಅದು ಕಾಣುವುದಿಲ್ಲ. ಮೈಕ್ರೋಗ್ಲಿಯಾದ ಮೇಲಿರುವ ಟಿಎಲ್‌ಆರ್4 ಗ್ರಾಹಕ ಮಾತ್ರ ಚೂರೇ ಚೂರು ಇದ್ದರೂ ಹಿಡಿದುಬಿಡುತ್ತದೆ. ಮೊದಲು ಎಲ್‌ಪಿಎಸ್ ಅಳೆಯುವ ಎಲ್‌ಎಎಲ್ ಪರೀಕ್ಷೆ ಮಾಡಿ.

"ಕುದಿಸಿ ನೋಡಿ, ಪ್ರೋಟೀನ್ ಕೆಡುತ್ತದೆ, ಎಲ್‌ಪಿಎಸ್ ಉಳಿಯುತ್ತದೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಿನ್ಯೂಕ್ಲಿನ್‌ಗೆ ಕೆಡಲು ಗಟ್ಟಿಯಾಗಿ ಮಡಚಿಕೊಂಡ ಆಕಾರವೇ ಇಲ್ಲ. ಶುದ್ಧ ಮಾಡುವಾಗ ನಾವೇ ಅದನ್ನು ಕುದಿಸುತ್ತೇವೆ! ಬದಲಿಗೆ ಎಲ್‌ಪಿಎಸ್ ಅನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಸೇರಿಸಿದ ವೆಲ್‌ಗಳನ್ನೂ ಇಡಿ. ಅಲ್ಲಿ ಟಿಎನ್‌ಎಫ್ ಇಳಿದರೆ ಕಳ್ಳ ಸಿಕ್ಕಂತೆ.

ನಾರುನೂಲು:
ಮಾನೋಮರ್ ನಿಜಕ್ಕೂ ಮಾನೋಮರೇ ಹೌದಾ? ಪದೇ ಪದೇ ಫ್ರೀಜ್ ಮಾಡಿ ಕರಗಿಸಿದರೆ ಗಂಟು ಕಟ್ಟಬಹುದು. ಬಳಸುವ ಮುಂಚೆ 1,00,000 ಜಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಿ. ಫೈಬ್ರಿಲ್‌ಗಳನ್ನು ಐಸ್ ಮೇಲೆ ಇಡಬೇಡಿ, ತಂಪಿಗೆ ಬಿಚ್ಚಿಕೊಳ್ಳುತ್ತವೆ.

ಕೋಶಗಳಿದ್ದ ಈ ದ್ರವವನ್ನು (ಮೀಡಿಯಾ) ಮುಂದೆ ನ್ಯೂರಾನ್‌ಗಳಿಗೆ ಹಾಕುತ್ತೀರಾ? ಹಾಗಿದ್ದರೆ ಮೈಕ್ರೋಗ್ಲಿಯಾ ಇಲ್ಲದ ವೆಲ್‌ನಲ್ಲೂ ಫೈಬ್ರಿಲ್ 24 ಗಂಟೆ ಇಟ್ಟು, ಆ ಮೀಡಿಯಾವನ್ನೂ ಹಾಕಿ ನೋಡಿ. ಉಳಿದುಕೊಂಡ ಫೈಬ್ರಿಲ್ ನ್ಯೂರಾನ್ ಒಳಗೆ ಹೋಗಿ, ಅಲ್ಲಿರುವ ಸಿನ್ಯೂಕ್ಲಿನ್ ಗಂಟು ಕಟ್ಟಲು ಹೆಪ್ಪು ಹಾಕಿದ ಹಾಗೆ ಕೆಲಸ ಮಾಡುತ್ತದೆ. ಇದನ್ನು ಮಾಡದಿದ್ದರೆ ನ್ಯೂರಾನ್ ಸತ್ತದ್ದು ಉರಿಯೂತದಿಂದಲೋ ಫೈಬ್ರಿಲ್‌ನಿಂದಲೋ ಆಮೇಲೆ ಗೊತ್ತಾಗುವುದಿಲ್ಲ.

ಪಿಪೆಟ್‌ಪ್ರಿಯೆ:
ಎರಡು ವಾರ ಬಿಟ್ಟು ಬಂದೆ. ಎಲ್‌ಎಎಲ್ ಅಳತೆ ಮೀರಿ ಹೋಯಿತು! ಟ್ರೈಟಾನ್ ಎಕ್ಸ್-114 ಡಿಟರ್ಜೆಂಟ್ ಹಾಕಿ ಎಲ್‌ಪಿಎಸ್ ತೆಗೆದ ಮೇಲೆ ಮಾನೋಮರ್ ಬಫರ್ ಮಟ್ಟಕ್ಕೆ ಇಳಿದಿದೆ. ಫೈಬ್ರಿಲ್ ಕೂಡ ಇಳಿದಿದೆ, ಆದರೆ ಪೂರ್ತಿ ಅಲ್ಲ. ಅಂದರೆ ಹಳೇ ಪ್ರೋಟೀನ್ ಹಾಕಿ ಅಳೆದ ಐಎಲ್-1 ಬೀಟಾ (ಇನ್ನೊಂದು ಉರಿಯೂತದ ಸಂಕೇತ) ಡೇಟಾ ಕೂಡ ಹೋಯಿತಾ?

ಹಳೇಬೆಂಚು:
ಹೋಯಿತು. ಎಲ್‌ಪಿಎಸ್ ಕೋಶವನ್ನು ಮೊದಲೇ ಸಜ್ಜು ಮಾಡಿಟ್ಟಿರುತ್ತದೆ. ಆಮೇಲೆ ಫೈಬ್ರಿಲ್ ಬಂದು ಕೋಶದೊಳಗಿನ ಉರಿಯೂತದ ಯಂತ್ರವಾದ ಎನ್‌ಎಲ್‌ಆರ್‌ಪಿ3 ಕೆರಳಿಸಿದರೆ ಐಎಲ್-1 ಬೀಟಾ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಹೊಸ ಬ್ಯಾಚ್‌ನಲ್ಲಿ ಮತ್ತೆ ಮಾಡಿ. ಗೈಡ್ ಹತ್ತಿರ ಹೋಗುವಾಗ ಎಲ್‌ಎಎಲ್ ರಿಸಲ್ಟ್ ಕೈಯಲ್ಲಿರಲಿ.