ಹಾರ್ಟ್ ಫೇಲ್ಯೂರ್: ಡಿಸ್ಚಾರ್ಜ್ ಆದ ಮೇಲೆ ಕ್ರಿಯಾಟಿನಿನ್, ಪೊಟ್ಯಾಸಿಯಂ, ಬಿಎನ್‌ಪಿ ಮೂರೂ ಏರಿದರೆ ಯಾವ ಮಾತ್ರೆ ಮುಟ್ಟಬೇಕು?

ಉಪ್ಪಳ_ಫಾರ್ಮಸಿ:
ಕಾಸರಗೋಡು ಕಡೆಯವರು ದೊಡ್ಡ ಹೃದ್ರೋಗ ಕೇಂದ್ರಗಳಲ್ಲಿ ದಾಖಲಾಗಿ ಬಂದರೂ ಆಮೇಲಿನ ಬಿಪಿ, ರಕ್ತಪರೀಕ್ಷೆ ಎಲ್ಲ ಊರಲ್ಲೇ ಆಗುವುದು. ಪದೇ ಪದೇ ಎದುರಾಗುವ ಚಿತ್ರ ಹೀಗಿರುತ್ತದೆ: ಅರವತ್ತರ ಆಸುಪಾಸಿನವರು, ಹಳೆಯ ಹಾರ್ಟ್ ಅಟ್ಯಾಕ್, ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) ಶೇ. 28. ಸ್ಯಾಕ್ಯುಬಿಟ್ರಿಲ್-ವಾಲ್ಸಾರ್ಟನ್ 50 ಎಂಜಿ ದಿನಕ್ಕೆರಡು, ಬೈಸೊಪ್ರೊಲಾಲ್ 2.5, ಸ್ಪಿರೊನೊಲ್ಯಾಕ್ಟೋನ್ 25, ಡಾಪಾಗ್ಲಿಫ್ಲೋಜಿನ್ 10, ಜೊತೆಗೆ ಮೂತ್ರ ಹೆಚ್ಚಿಸಿ ನೀರು ಇಳಿಸುವ ಫ್ಯೂರೊಸೆಮೈಡ್ 40 ಎರಡು ಹೊತ್ತು. ಎರಡು ವಾರಕ್ಕೆ ಬಿಪಿ 98/62, ಎದ್ದು ನಿಂತರೆ ತಲೆ ಸುತ್ತು, ನಾಡಿ 66. ಕಾಲಿನ ಊತ ಇಳಿದಿದೆ, ತೂಕ 3 ಕೆಜಿ ಕಡಿಮೆ, ಮಲಗಿದರೆ ಉಸಿರಾಟಕ್ಕೆ ತೊಂದರೆಯಿಲ್ಲ. ಆದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ 1.1 ಇದ್ದದ್ದು 1.4, ಪೊಟ್ಯಾಸಿಯಂ 4.6ರಿಂದ 5.2, ಹೃದಯದ ಮೇಲಿನ ಒತ್ತಡ ತೋರಿಸುವ ಬಿಎನ್‌ಪಿ 540ರಿಂದ 690. ಮನೆಯವರು "ಕಿಡ್ನಿ ಹೋಗ್ತಾ ಇದೆ" ಎಂದು ಗಾಬರಿಯಾಗಿ ಮಾತ್ರೆ ನಿಲ್ಲಿಸಲು ಹೊರಡುತ್ತಾರೆ. ಇಲ್ಲಿ ಮೊದಲು ಕೈ ಹಾಕಬೇಕಾದ್ದು ಯಾವುದಕ್ಕೆ?

ಹೃದಯ_ಓಪಿಡಿ:
ಈ ಚಿತ್ರದಲ್ಲಿ ಮೊದಲು ಇಳಿಸಬೇಕಾದ್ದು ಫ್ಯೂರೊಸೆಮೈಡ್. ಊತ ಹೋಗಿದೆ, ತೂಕ ಇಳಿದಿದೆ, ನಿಂತರೆ ತಲೆ ಸುತ್ತುತ್ತದೆ ಅಂದರೆ ನೀರು ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಹೋಗಿದೆ. ಆ ಮಾತ್ರೆ ಉಬ್ಬಸ, ಊತ ಇಳಿಸುತ್ತದೆ. ಆಯುಸ್ಸು ಹೆಚ್ಚಿಸುತ್ತದೆ ಎನ್ನುವುದಕ್ಕೆ ಪುರಾವೆಯಿಲ್ಲ. ಉಳಿದ ನಾಲ್ಕಕ್ಕೆ ಆ ಪುರಾವೆಯಿದೆ. ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಫೋನ್ ಮಾಡಿ ಸಂಜೆಯ ಡೋಸ್ ಬಿಡಬಹುದೇ ಎಂದು ಕೇಳಿ, ವಾರದೊಳಗೆ ಮತ್ತೆ ರಕ್ತಪರೀಕ್ಷೆ ಮಾಡಿಸಿ.

ಕ್ರಿಯಾಟಿನಿನ್ ಏರಿದ್ದು ಸುಮಾರು ಶೇ. 27. ಈ ಔಷಧಿಗಳನ್ನು ಶುರು ಮಾಡಿದಾಗ ಮೊದಲಿದ್ದ ಮಟ್ಟಕ್ಕಿಂತ ಶೇ. 50ರವರೆಗಿನ ಏರಿಕೆಯನ್ನು ಯುರೋಪಿನ ಮಾರ್ಗಸೂಚಿ ಒಪ್ಪುತ್ತದೆ, ಒಟ್ಟು ಅಂಕಿ 3 ದಾಟಬಾರದು ಅಷ್ಟೆ. ಕಿಡ್ನಿಯ ಸೋಸುಗೊಳವೆಗಳ ಒಳಗಿನ ಒತ್ತಡ ಇಳಿಯುವುದರಿಂದ ಹೀಗಾಗುತ್ತದೆ. ಡಾಪಾಗ್ಲಿಫ್ಲೋಜಿನ್ ಕೂಡ ಮೊದಲ ವಾರಗಳಲ್ಲಿ ಇದನ್ನೇ ಮಾಡುತ್ತದೆ, ಮುಂದೆ ಕಿಡ್ನಿಯನ್ನು ಕಾಪಾಡುವುದೂ ಅದೇ.

ಪೊಟ್ಯಾಸಿಯಂ 5.2ಕ್ಕೆ ಏನನ್ನೂ ನಿಲ್ಲಿಸುವುದಿಲ್ಲ. 5.5 ದಾಟಿದರೆ ಸ್ಪಿರೊನೊಲ್ಯಾಕ್ಟೋನ್ ಅರ್ಧ. 6 ದಾಟಿದರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ. ರಕ್ತ ತೆಗೆದ ರೀತಿಯನ್ನೂ ವಿಚಾರಿಸಿ. ತೋಳಿಗೆ ಪಟ್ಟಿ ಬಿಗಿದು, "ಮುಷ್ಟಿ ಹಿಡಿ, ಬಿಡು" ಎಂದು ನಾಲ್ಕೈದು ಸಲ ಮಾಡಿಸಿದರೆ ಸ್ನಾಯುವಿನಿಂದ ಪೊಟ್ಯಾಸಿಯಂ ಹೊರಬಂದು ಅಂಕಿ ಸುಳ್ಳಾಗಿ ಏರುತ್ತದೆ. ಸ್ಯಾಂಪಲ್ ಗಂಟೆಗಟ್ಟಲೆ ಬಿದ್ದಿದ್ದು, ರಕ್ತಕಣ ಒಡೆದರೂ ಹಾಗೆಯೇ.

ಇನ್ನು ಬಿಎನ್‌ಪಿ. ಸ್ಯಾಕ್ಯುಬಿಟ್ರಿಲ್ ತಡೆಯುವುದು ನೆಪ್ರಿಲೈಸಿನ್ ಎಂಬ ಕಿಣ್ವವನ್ನು. ಬಿಎನ್‌ಪಿಯನ್ನು ಒಡೆಯುವ ಕಿಣ್ವಗಳಲ್ಲಿ ಅದೂ ಒಂದು. ಹಾಗಾಗಿ ಈ ಮಾತ್ರೆಯಲ್ಲಿರುವವರಿಗೆ ರೋಗ ಸುಧಾರಿಸುತ್ತಿದ್ದರೂ ಬಿಎನ್‌ಪಿ ಏರಬಹುದು. ಬಿಎನ್‌ಪಿ ಜೊತೆಯಲ್ಲೇ ಹುಟ್ಟುವ ಇನ್ನೊಂದು ತುಣುಕನ್ನು ಅಳೆಯುವ ಎನ್‌ಟಿ-ಪ್ರೋಬಿಎನ್‌ಪಿ ಪರೀಕ್ಷೆ ಮಾಡಿಸಿ, ಅದಕ್ಕೆ ಈ ಗೊಂದಲವಿಲ್ಲ. ಬೈಸೊಪ್ರೊಲಾಲ್ ಅನ್ನಂತೂ ಥಟ್ಟನೆ ನಿಲ್ಲಿಸಲು ಬಿಡಬೇಡಿ.

ವಾರ್ಡ್_ಸಿಸ್ಟರ್_ಪುತ್ತೂರು:
ಮೇಲಿನದಕ್ಕೆ ಅಡುಗೆಮನೆ ಮತ್ತು ಔಷಧಿ ಡಬ್ಬ ಸೇರಿಸುತ್ತೇನೆ. "ಹಾರ್ಟಿಗೆ ಒಳ್ಳೆಯದು" ಎಂದು ಮನೆಯವರು ತರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಸ್ಪಿರೊನೊಲ್ಯಾಕ್ಟೋನ್ ಜೊತೆ ಅದು ಬೇಡವೇ ಬೇಡ. ದಿನಾ ಎಳನೀರು ಕುಡಿಯುವ ಅಭ್ಯಾಸವಿದ್ದರೆ ಅದಕ್ಕೂ ಇದೇ ಮಾತು. ಸಾಮಾನ್ಯ ಉಪ್ಪನ್ನೇ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇಡಿ. ನಮ್ಮ ಕಡೆ ಸಾರಿಗೆ ಉಪ್ಪು ಕಡಿಮೆ ಮಾಡಿ, ಗಂಜಿಗೆ ಉಪ್ಪಿನಕಾಯಿ, ಉಪ್ಪು ಸೊಳೆಯ ಪಲ್ಯ, ಒಣಮೀನು ಹಾಕಿಕೊಳ್ಳುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ.

ಡಬ್ಬ ಖಾಲಿ ಮಾಡಿಸಿ ನೋಡಿ. ಹಳೆಯ ರಾಮಿಪ್ರಿಲ್ ಅಥವಾ ಎನಲಾಪ್ರಿಲ್ ಸ್ಟ್ರಿಪ್ ಇದ್ದರೆ ತೆಗೆದುಬಿಡಿ. ಸ್ಯಾಕ್ಯುಬಿಟ್ರಿಲ್‌ಗೂ ಅದಕ್ಕೂ ಕನಿಷ್ಠ 36 ಗಂಟೆ ಅಂತರ ಬೇಕು, ಎರಡೂ ಸೇರಿದರೆ ನಾಲಿಗೆ, ಗಂಟಲು ಊದಿ ಉಸಿರು ಕಟ್ಟಬಹುದು. ಸೊಂಟನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಡಬೇಡಿ, ಪ್ಯಾರಾಸಿಟಮಾಲ್ ಸಾಕು. ವಾಂತಿಭೇದಿ ಆದಾಗ, ಊಟ ಬಿಟ್ಟಾಗ ಡಾಪಾಗ್ಲಿಫ್ಲೋಜಿನ್ ತಾತ್ಕಾಲಿಕವಾಗಿ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಏಕಾದಶಿ, ರಂಜಾನ್ ಉಪವಾಸ ಮಾಡುವವರಿಗೆ ಇದನ್ನು ಮುಂಚೆಯೇ ಹೇಳಿಡಿ.

ತೂಕ ನೋಡುವುದು ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ಚಹಾಕ್ಕೆ ಮುಂಚೆ, ಅದೇ ಯಂತ್ರದಲ್ಲಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಊತಕ್ಕೆ ಕಾಯದೆ ಫೋನ್ ಮಾಡಿ.

ನೇತ್ರಾವತಿ:
ಡೋಸ್ ಇಲ್ಲಿಗೇ ನಿಂತರೆ ಅರ್ಧ ಕೆಲಸ ಆದಂತೆ ಅಷ್ಟೆ. ಗುರಿ ಸ್ಯಾಕ್ಯುಬಿಟ್ರಿಲ್-ವಾಲ್ಸಾರ್ಟನ್ 200 ಎರಡು ಹೊತ್ತು, ಬೈಸೊಪ್ರೊಲಾಲ್ 10. 2022ರ ಸ್ಟ್ರಾಂಗ್-ಎಚ್ಎಫ್ ಅಧ್ಯಯನದಲ್ಲಿ ಡಿಸ್ಚಾರ್ಜ್ ಆದ ಎರಡು ವಾರದೊಳಗೆ ಪೂರ್ಣ ಡೋಸ್‌ಗೆ ಏರಿಸಿ, ಹತ್ತಿರದಿಂದ ತಪಾಸಣೆ ಮಾಡಿದವರಲ್ಲಿ 180 ದಿನಗಳಲ್ಲಿ ಸಾವು ಅಥವಾ ಮರುದಾಖಲಾತಿ ಶೇ. 15.2, ಎಂದಿನ ಚಿಕಿತ್ಸೆಯಲ್ಲಿ ಶೇ. 23.3. ಮೇಲಿನ ರೋಗಿಗೆ ಬಿಪಿ ಅಷ್ಟು ಅವಸರ ಬಿಡುವುದಿಲ್ಲ. ಫ್ಯೂರೊಸೆಮೈಡ್ ಇಳಿದು ಬಿಪಿ ಸ್ವಲ್ಪ ಎದ್ದ ಮೇಲೆ ಒಂದೊಂದಾಗಿ ಏರಿಸಲಿ. ಕಬ್ಬಿಣಾಂಶವನ್ನೂ ಕೇಳಿ: ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) 100ಕ್ಕಿಂತ ಕಡಿಮೆ, ಅಥವಾ 100ರಿಂದ 299 ಇದ್ದು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣದ ಅಳತೆ) ಶೇ. 20ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಈ ರೋಗಿಗಳಿಗೆ ಕಬ್ಬಿಣದ ಮಾತ್ರೆಯಿಂದ ಪ್ರಯೋಜನ ಕಂಡಿಲ್ಲ.

ಸರಿಯಾದ ಡೋಸ್‌ನಲ್ಲಿ ಮೂರು ತಿಂಗಳಾದ ಮೇಲೆ ಮತ್ತೆ ಎಕೋ. ಆಗಲೂ ಇಎಫ್ 35 ಅಥವಾ ಕೆಳಗಿದ್ದರೆ ಐಸಿಡಿ (ಅಪಾಯದ ಬಡಿತಕ್ಕೆ ಶಾಕ್ ಕೊಡುವ, ದೇಹದೊಳಗಿಡುವ ಯಂತ್ರ) ಮಾತು ಬರುತ್ತದೆ. ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಬದಿಗೆ ವಿದ್ಯುತ್ ಸಂಕೇತ ತಡವಾಗಿ ತಲುಪುವುದು) ಇದ್ದು, ಬಡಿತದ ಅಲೆಯಾದ ಕ್ಯೂಆರ್‌ಎಸ್‌ನ ಅಗಲ 150 ಮಿಲಿಸೆಕೆಂಡ್ ಅಥವಾ ಹೆಚ್ಚಿದ್ದರೆ ಸಿಆರ್‌ಟಿ, ಅಂದರೆ ಎರಡೂ ಬದಿ ಒಟ್ಟಿಗೆ ಬಡಿಯುವಂತೆ ಮಾಡುವ ಪೇಸ್‌ಮೇಕರ್.

ದೊಡ್ಡ ಕೇಂದ್ರದಲ್ಲಿ ಸಂಶೋಧನೆಗೆಂದು ರಕ್ತ ಕೇಳಿದರೂ ಜನ ಹೆದರುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 2021ರಲ್ಲಿ ರಾಷ್ಟ್ರೀಯ ಹಾರ್ಟ್ ಫೇಲ್ಯೂರ್ ಬಯೋಬ್ಯಾಂಕ್ ಶುರುವಾಗಿದೆ. ಒಪ್ಪಿದವರ ರಕ್ತ ಮತ್ತಿತರ ಮಾದರಿಗಳನ್ನು ಚಿಕಿತ್ಸಾ ವಿವರದ ಜೊತೆ ಅತಿಶೀತದಲ್ಲಿ ಇಡುತ್ತಾರೆ. ಅದೇ ಸಂಸ್ಥೆ ಮುನ್ನಡೆಸಿದ ರಾಷ್ಟ್ರೀಯ ನೋಂದಣಿಯಲ್ಲಿ 53 ಆಸ್ಪತ್ರೆಗಳ 10 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು, ಸರಾಸರಿ ವಯಸ್ಸು 60ರ ಹತ್ತಿರ. ಶ್ರೀಮಂತ ದೇಶಗಳ ನೋಂದಣಿಗಳಲ್ಲಿ ರೋಗಿಗಳು ಇದಕ್ಕಿಂತ ಸುಮಾರು ಹತ್ತು ವರ್ಷ ದೊಡ್ಡವರು. ನಮ್ಮ ಜನರ ಮಾದರಿ ಬೇಕಾಗುವುದು ಅದಕ್ಕೇ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಲು ಕೇಳಬಹುದು. ಬೇಡವೆಂದರೂ ಚಿಕಿತ್ಸೆಗೆ ತೊಂದರೆಯಾಗಬಾರದು, ಅದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನೈತಿಕ ನಿಯಮ.

ಉಪ್ಪಳ_ಫಾರ್ಮಸಿ:
ಧನ್ಯವಾದ. ಯಾವ ಹಂತದಲ್ಲಿ ಕಾಯದೆ ಮತ್ತೆ ದೊಡ್ಡ ಕೇಂದ್ರಕ್ಕೆ ಕಳಿಸಬೇಕು?

ಹೃದಯ_ಓಪಿಡಿ:
ವರ್ಷದಲ್ಲಿ ಎರಡು ಸಲ ದಾಖಲಾತಿ, ಮೇಲಿನ ಬಿಪಿ 90 ದಾಟದಿರುವುದು, ಸೋಡಿಯಂ ಇಳಿಯುತ್ತಾ ಹೋಗುವುದು, ಫ್ಯೂರೊಸೆಮೈಡ್ ಏರಿಸುತ್ತಲೇ ಇರಬೇಕಾಗುವುದು, ಮೊದಲು ತಡೆದುಕೊಂಡಿದ್ದ ಡೋಸ್ ಈಗ ತಡೆಯದಿರುವುದು. ಇವುಗಳಲ್ಲಿ ಒಂದು ಕಂಡರೂ ಕಳಿಸಿ. ಹೃದಯ ಕಸಿಗೆ ಅರ್ಹರೇ ಎಂದು ನೋಡಲು ಬಲಹೃದಯದ ಕ್ಯಾಥ್ ಮಾಡಿ, ಅಂದರೆ ರಕ್ತನಾಳದ ಮೂಲಕ ತೆಳು ಕೊಳವೆ ಹಾಯಿಸಿ, ಶ್ವಾಸಕೋಶದ ರಕ್ತನಾಳದ ಒತ್ತಡ ಅಳೆಯಬೇಕಾಗುತ್ತದೆ. ಆ ಒತ್ತಡ ಏರಿ ಗಟ್ಟಿಯಾಗಿಬಿಟ್ಟರೆ ಹೊಸ ಹೃದಯದ ಬಲಭಾಗ ಸೋಲುತ್ತದೆ, ಕಸಿಯ ದಾರಿ ಮುಚ್ಚಬಹುದು. ಅಂಗದಾನ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸುವುದು ಕಸಿ ಆಸ್ಪತ್ರೆಯ ಮೂಲಕ: ಕೇರಳದಲ್ಲಿ ಮೃತಸಂಜೀವನಿ, ಕರ್ನಾಟಕದಲ್ಲಿ ಜೀವಸಾರ್ಥಕತೆ. ಹೊರಟಾಗ ಎಲ್ಲ ಎಕೋ ವರದಿ, ಇಸಿಜಿ, ಪ್ರತಿ ಮಾತ್ರೆಯ ಡೋಸ್ ಯಾವತ್ತು ಬದಲಾಯಿತು ಎಂಬ ಪಟ್ಟಿ ಕೈಗೆ ಕೊಟ್ಟು ಕಳಿಸಿ.