ಪದ ಬೇಕಿದೆ (ತುರ್ತು): ಹಿತ್ತಲ ಈಜುಕೊಳದ ಪಂಪು, ಫಿಲ್ಟರು, ಬ್ಯಾಕ್‌ವಾಷ್

ತುಮಕೂರಿನಿಂದ:

ಬಲ್ಲವರಲ್ಲಿ ವಿನಂತಿ. ದೇವರಾಯನದುರ್ಗದ ಕಡೆಯ ಒಂದು ತೋಟದ ಮನೆಯವರು ಹಿತ್ತಲಿನಲ್ಲಿ ಸಣ್ಣ ಈಜುಕೊಳ ಕಟ್ಟಿಸಿದ್ದಾರೆ. ಉದ್ದ 6 ಮೀಟರ್, ಅಗಲ 3, ಆಳ ಸರಾಸರಿ 1.2. ಅಂಗಡಿಯವರು ಕೊಟ್ಟ ಮರಳಿನ ಫಿಲ್ಟರಿನ ಕೈಪಿಡಿಯನ್ನು ಅನುವಾದಿಸಿ, ಪಂಪಿನ ಕೋಣೆಯ ಗೋಡೆಗೆ ಒಂದು ಬೋರ್ಡು ಬರೆಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೊಳವನ್ನು ನೋಡಿಕೊಳ್ಳುವ ಮಾಲಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ಪಂಪಿಗೆ, ಫಿಲ್ಟರಿಗೆ ಏನೆನ್ನಲಿ? ಫಿಲ್ಟರಿನ ತಲೆಯ ಮೇಲಿರುವ ವಾಲ್ವಿನ ಸುತ್ತ ಆರು ಸ್ಥಾನಗಳ ಹೆಸರು ಇಂಗ್ಲಿಷಿನಲ್ಲಿವೆ. ಅವುಗಳಲ್ಲಿ ಬ್ಯಾಕ್‌ವಾಷ್ (ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳನ್ನು ತೊಳೆಯುವುದು), ರಿನ್ಸ್ (ಆಮೇಲೆ ಉಳಿದ ಬಗ್ಗಡವನ್ನು ಹೊರಹಾಕುವುದು) ಎಂಬ ಎರಡು ನನ್ನನ್ನು ಕಾಡುತ್ತಿವೆ. ಕೊಳದ ನೀರೆಲ್ಲ ಒಮ್ಮೆ ಫಿಲ್ಟರಿನಲ್ಲಿ ಹಾದು ಬರುವುದಕ್ಕೆ ಕೈಪಿಡಿ ‘ಟರ್ನೋವರ್’ ಎನ್ನುತ್ತದೆ. ‘ವಹಿವಾಟು’ ಎಂದು ಬರೆದರೆ ಆದಾಯ ತೆರಿಗೆಯವರು ಬಂದಾರು. ಬೋರ್ಡು ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ.

ಇನ್ನೊಂದು ವಿಷಯ. ಪಂಪು, ಫಿಲ್ಟರುಗಳಿಗೆ ಮುಂಗಡ ಕೊಟ್ಟಿಲ್ಲ. ತೋಟದ ಹಳೆಯ ಬೋರ್‌ವೆಲ್ ಮೋಟಾರನ್ನೇ ಕೊಳಕ್ಕೂ ಬಳಸುವ ಆಲೋಚನೆ ಮನೆಯ ಯಜಮಾನರಿಗಿದೆ.

ಶಿರಾದಿಂದ:

ಪಂಪು: ನೀರೆತ್ತುಗ. ಫಿಲ್ಟರು: ಸೋಸುಗ. ಬ್ಯಾಕ್‌ವಾಷ್: ಹಿಂದೊಳೆತ. ‘ಈಜುಕೊಳ’ ತಪ್ಪು, ‘ಈಜುಗೊಳ’ ಸರಿ. ಕನ್ನಡದಲ್ಲಿ ಬೇರುಗಳಿಗೆ ಬರವಿಲ್ಲ, ಬಳಸುವವರಿಗೆ ಬರ.

ಮಧುಗಿರಿಯಿಂದ:

ಶಿರಾದವರು ‘ಗ’ ಪ್ರತ್ಯಯವನ್ನು ಕಂಡಕಂಡಲ್ಲಿ ಅಂಟಿಸುತ್ತಾರೆ. ಓದುಗ, ಕೇಳುಗ, ನೋಡುಗ ಇವರೆಲ್ಲ ಮನುಷ್ಯರು. ‘ಸೋಸುಗ’ ಎಂದರೆ ಕೂಲಿಗೆ ಬಂದು ಸೋಸಿಕೊಟ್ಟು ಹೋಗುವ ಆಳು. ಉಪಕರಣಕ್ಕೆ ಬಾಚಣಿಗೆಯ ಮಾದರಿಯಲ್ಲಿ ‘ಸೋಸಣಿಗೆ’ ಆಗಬೇಕು. ‘ಮರಳುಶೋಧಕ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಕನ್ನಡಕ್ಕೆ ಸಂಸ್ಕೃತವನ್ನು ಬೆಸೆದ ದೋಷ. ‘ಕೊಳವೆಬಾವಿ’ಯನ್ನು ತಂದು ನನ್ನೆದುರು ಹಿಡಿಯಬೇಡಿ. ಬಾವಿ ‘ವಾಪಿ’ಯ ತದ್ಭವ, ತದ್ಭವಕ್ಕೆ ವ್ಯಾಕರಣಕಾರ ಕೇಶಿರಾಜನ ತಕರಾರಿಲ್ಲ.

‘ಹಿಂದೊಳೆತ’ದಲ್ಲಿ (ಹಿಂ + ತೊಳೆತ) ಆದೇಶ ಸಂಧಿ ನಿರ್ದುಷ್ಟವಾಗಿದೆ. ಆದರೆ ಮಾಲಿ ಅದನ್ನು ‘ಹಿಂದೆ ಕೊಳೆತದ್ದು’ ಎಂದು ಓದಿಕೊಂಡರೆ ಸಂಧಿಯನ್ನು ದೂರುವಂತಿಲ್ಲ.

ಶಿರಾದಿಂದ:

ಬರವಣಿಗೆ, ಮೆರವಣಿಗೆ, ಬೆಳವಣಿಗೆ. ‘ಅಣಿಗೆ’ ಕ್ರಿಯೆಯ ಹೆಸರು, ಉಪಕರಣದ್ದಲ್ಲ. ಒಂದು ಬಾಚಣಿಗೆಯನ್ನು ಹಿಡಿದು ಊರ ತಲೆಯನ್ನೆಲ್ಲ ಬಾಚಬೇಡಿ.

ಬಂಗಾರಪೇಟೆಯಿಂದ:

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುತ್ತಿದ್ದೀರಿ. ಪಂಪುಗಳ ರಿಪೇರಿಯಲ್ಲಿ ಕೂದಲು ನೆರೆಸಿಕೊಂಡವನು ನಾನು, ವ್ಯಾಕರಣದಲ್ಲಿ ತಪ್ಪಿದರೆ ಕ್ಷಮಿಸಿ. ಯಂತ್ರದಲ್ಲಿ ತಪ್ಪುವುದಿಲ್ಲ.

ಮೊದಲು ‘ನೀರೆತ್ತುಗ’. ಈಜುಕೊಳದ ಪಂಪು ನೀರನ್ನು ಎತ್ತುವುದೇ ಇಲ್ಲ. ಹೆಚ್ಚುಕಡಿಮೆ ನೀರಿನ ಮಟ್ಟದಲ್ಲಿಯೇ ಕುಳಿತು, ಕೊಳದ ಅಂಚಿನ ಕಿಂಡಿಯಿಂದಲೂ ತಳದ ಜಾಲರಿಯಿಂದಲೂ ನೀರನ್ನು ಎಳೆದು, ಮರಳಿನ ಮೂಲಕ ತಳ್ಳಿ, ಮತ್ತೆ ಅದೇ ಕೊಳಕ್ಕೆ ಬಿಡುತ್ತದೆ. ಅದಕ್ಕೆ ಎದುರಾಗುವುದು ಎತ್ತರವಲ್ಲ, ಪೈಪಿನ ತಿರುವುಗಳ ಮತ್ತು ಮರಳಿನ ತಡೆ. ಏತ, ಕಪಿಲೆಗಳು ಎತ್ತುತ್ತಿದ್ದವು. ನಮ್ಮ ಕೋಲಾರದಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಯ ಪಂಪು ಎತ್ತುತ್ತದೆ. ಅವಕ್ಕೆ ಎತ್ತುಗ ಎನ್ನಿ, ಒಪ್ಪುತ್ತೇನೆ.

ಯಜಮಾನರ ಆಲೋಚನೆ ಕೆಡುವುದೂ ಇಲ್ಲಿಯೇ. ಬೋರ್‌ವೆಲ್ ಮೋಟಾರು ಸ್ವಲ್ಪ ನೀರನ್ನು ಬಹಳ ಎತ್ತರಕ್ಕೆ ತಳ್ಳಲು ಮಾಡಿದ್ದು. ಕೊಳಕ್ಕೆ ಬೇಕಾದದ್ದು ಹೆಚ್ಚು ನೀರು, ಕಡಿಮೆ ಒತ್ತಡ. 100 ಮೀಟರ್ ಎತ್ತರಕ್ಕೆ ನೀರು ಕಳಿಸುವ ಮೋಟಾರು ಸುಮಾರು 10 ಬಾರ್ ಒತ್ತಡ ಹುಟ್ಟಿಸುತ್ತದೆ. ಮನೆಬಳಕೆಯ ಫಿಲ್ಟರಿನ ತೊಟ್ಟಿ ತಾಳುವುದು ಮೂರರ ಆಸುಪಾಸು. ತೊಟ್ಟಿ ಒಡೆದ ಮೇಲೆ ಸೋಸುಗವೋ ಸೋಸಣಿಗೆಯೋ ಎಂಬ ಪ್ರಶ್ನೆ ಉಳಿಯುವುದಿಲ್ಲ. ಕೊಳದ ಪಂಪಿನ ಮೂತಿಯಲ್ಲಿ ಕೂದಲು, ಎಲೆ ಹಿಡಿಯುವ ಬುಟ್ಟಿಯೂ ಇರುತ್ತದೆ. ಬೋರ್‌ವೆಲ್ ಮೋಟಾರಿನಲ್ಲಿ ಅದು ಎಲ್ಲಿಂದ ಬಂತು?

ಈಗ ಲೆಕ್ಕ. 6 × 3 × 1.2 ಎಂದರೆ 21.6 ಘನ ಮೀಟರ್, ಅಂದರೆ 21,600 ಲೀಟರ್. ಮನೆಯ ಕೊಳದ ನೀರು ಆರರಿಂದ ಎಂಟು ಗಂಟೆಗಳಲ್ಲಿ ಒಮ್ಮೆ ಪೂರ್ತಿ ಫಿಲ್ಟರಿನಲ್ಲಿ ಹಾದುಬರಬೇಕು. ಆರು ಗಂಟೆ ಹಿಡಿದರೆ ಗಂಟೆಗೆ 3,600 ಲೀಟರ್. 400 ಮಿಲಿಮೀಟರ್ ವ್ಯಾಸದ ಮರಳಿನ ಫಿಲ್ಟರು ಗಂಟೆಗೆ ಸುಮಾರು 6,000 ಲೀಟರ್ ತಾಳುತ್ತದೆ. ಪಂಪು ಈ ಎರಡು ಅಂಕಿಗಳ ನಡುವೆ ಇರಬೇಕು, ಮೇಲಿನದಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಮರಳನ್ನು ತೊಳೆಯುವಾಗ ಅದನ್ನು ಅಡಿಯಿಂದ ಎಬ್ಬಿಸುವಷ್ಟು ಸೆಳೆತ ಬೇಕಲ್ಲ. ಅರ್ಧದಿಂದ ಮುಕ್ಕಾಲು ಎಚ್‌ಪಿ ಸಾಕು. ಅಂಗಡಿಯಲ್ಲಿ ಎಚ್‌ಪಿ ಕೇಳಿ ಮೋಸಹೋಗಬೇಡಿ. ‘ಹತ್ತು ಮೀಟರ್ ಹೆಡ್‌ನಲ್ಲಿ’, ಅಂದರೆ ಅಷ್ಟು ಎತ್ತರಕ್ಕೆ ಸಮನಾದ ತಡೆ ಎದುರಾದಾಗ, ‘ಗಂಟೆಗೆ ಎಷ್ಟು ಲೀಟರ್’ ಎಂದು ಕೇಳಿ. ಪಂಪು ದೊಡ್ಡದಾಗಿ ಫಿಲ್ಟರು ಚಿಕ್ಕದಾದರೆ ನೀರು ಕೊಳೆಯನ್ನು ಮರಳಿನೊಳಗಿಂದ ತಳ್ಳಿಕೊಂಡೇ ಹೊರಬರುತ್ತದೆ.

‘ಟರ್ನೋವರ್’ಗೆ ನಮ್ಮ ಹೊಲದ ಮಾತೇ ಇದೆ: ಸುತ್ತು. ಒಂದು ಸುತ್ತು ನೀರು ಹಾಯಿಸಿದೆ ಎನ್ನುವುದಿಲ್ಲವೇ?

ಫಿಲ್ಟರಿಗೆ ‘ಶುದ್ಧೀಕರಣ ಯಂತ್ರ’ ಎಂದು ಮಾತ್ರ ಬರೆಯಬೇಡಿ, ಕೈಮುಗಿದು ಕೇಳುತ್ತೇನೆ. ನಮ್ಮ ಜಿಲ್ಲೆಗಳ ಊರೂರಿನಲ್ಲಿ ‘ಶುದ್ಧ ಕುಡಿಯುವ ನೀರಿನ ಘಟಕ’ ಇದೆ. ಆ ಪದ ಕಂಡರೆ ಮಕ್ಕಳು ಕೊಳದ ನೀರನ್ನು ಕುಡಿದಾರು. ಮರಳು ತಡೆಯುವುದು ತೇಲುವ ಕೊಳೆಯನ್ನು, ಅದೂ 20ರಿಂದ 40 ಮೈಕ್ರಾನಿಗಿಂತ ದೊಡ್ಡದನ್ನು. ಬೋರ್‌ವೆಲ್ ನೀರಿನಲ್ಲಿ ಕರಗಿದ ಸುಣ್ಣವಾಗಲಿ, ಪಾವಗಡದವರನ್ನು ಕಾಡುವ ಫ್ಲೋರೈಡಾಗಲಿ ಅದಕ್ಕೆ ಸಿಕ್ಕುವುದಿಲ್ಲ. ರೋಗಾಣು ಕೊಲ್ಲುವುದು ಕ್ಲೋರಿನ್ನಿನ ಕೆಲಸ.

ಬೋರ್ಡಿನ ಮೊದಲ ಸಾಲು ಯಾವ ಪದಕೋಶದಿಂದಲೂ ಬರಬೇಕಿಲ್ಲ: ‘ಮೊದಲು ಮೋಟಾರು ಆಫ್ ಮಾಡಿ, ಆಮೇಲೆ ಹಿಡಿ ತಿರುಗಿಸಿ.’ ಆ ವಾಲ್ವಿನ ಹಿಡಿಯನ್ನು ಕೆಳಕ್ಕೆ ಒತ್ತಿ ತಿರುಗಿಸಬೇಕು. ಮೋಟಾರು ಓಡುತ್ತಿರುವಾಗ ತಿರುಗಿಸಿದರೆ ಒಳಗಿನ ರಬ್ಬರ್ ವಾಷರ್ ಹರಿದು, ಸೋಸುವ ಹೊತ್ತಿನಲ್ಲಿಯೂ ನೀರು ಚರಂಡಿಗೆ ಸೋರುತ್ತದೆ. ಒತ್ತಡದ ಮುಳ್ಳು ಮಾಮೂಲಿಗಿಂತ ಅರ್ಧ ಬಾರ್ ಮೇಲೇರಿದಾಗ ಮರಳು ತೊಳೆಯಬೇಕು. ವಾಲ್ವಿನ ಪಕ್ಕದಲ್ಲಿರುವ ಪುಟ್ಟ ಗಾಜಿನಲ್ಲಿ ಮೊದಲು ಬಗ್ಗಡ ಕಾಣುತ್ತದೆ, ಅದು ತಿಳಿಯಾಗುವವರೆಗೆ ಬಿಡಬೇಕು. ಆಮೇಲೆ ಅರ್ಧ ನಿಮಿಷ ರಿನ್ಸ್. ಅದಕ್ಕೆ ‘ಜಾಲಿಸು’ ಎನ್ನಿ. ಬಟ್ಟೆ ಒಗೆದ ಯಾರಿಗೂ ಅದು ತಿಳಿಯುತ್ತದೆ. ಬ್ಯಾಕ್‌ವಾಷಿಗೆ ‘ಮರಳು ತೊಳೆ’. ಹಿಂದು ಮುಂದು ಮಾಲಿಗೆ ಬೇಕಿಲ್ಲ, ವಾಲ್ವಿಗೆ ಗೊತ್ತಿದೆ.

ಚಿಂತಾಮಣಿಯಿಂದ:

ಫಿಲ್ಟರ್ ಕಾಫಿ ಕುಡಿದು ಕೆಲಸಕ್ಕೆ ಹೊರಟ ಮಾಲಿಗೆ ‘ಸೋಸಣಿಗೆ’ ಏಕೆ? ಪಂಪು, ಪಂಪಿನ, ಪಂಪಿಗೆ ಎಂದು ವಿಭಕ್ತಿ ಹತ್ತಿಸಿಕೊಂಡು ಹೊಲಗದ್ದೆಯಲ್ಲಿ ದುಡಿಯುತ್ತಿರುವ ಪದವನ್ನು ಹೊರಗಿನದು ಎನ್ನುವುದು ಯಾವ ನ್ಯಾಯ? ನಮ್ಮ ತಾಲ್ಲೂಕಿನಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಎರಡರಲ್ಲಿಯೂ ಮೋಟಾರು ಮೋಟಾರೇ.

ನೀರಿನ ಬಗ್ಗೆಯೂ ಒಂದು ಮಾತು. ಗಂಟೆಗೆ 6,000 ಲೀಟರಿನ ಪಂಪು ಮೂರು ನಿಮಿಷ ಮರಳು ತೊಳೆದರೆ 300 ಲೀಟರ್ ಚರಂಡಿಗೆ. ಟ್ಯಾಂಕರಿಗೆ ಕಾಯುವ ಊರಿನವನಾಗಿ ಕೇಳುತ್ತೇನೆ, ಕಾರ್ಟ್ರಿಜ್ ಫಿಲ್ಟರು ಆಗದೇ? ಮಡಿಕೆ ಮಡಿಕೆಯಾದ ಬಟ್ಟೆಯಂಥ ಉರುಳೆ, ತೆಗೆದು ಪೈಪಿನ ನೀರಿನಿಂದ ತೊಳೆದರಾಯಿತು. ಮರಳಿಗಿಂತ ನವುರಾದ ಕೊಳೆಯನ್ನೂ ಹಿಡಿಯುತ್ತದೆ.

ಶಿರಾದಿಂದ:

ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಪಟ್ಟಿಗೆ ಚಿಂತಾಮಣಿಯವರನ್ನೂ ಸೇರಿಸಿಕೊಂಡೆ. ಇಂದು ಪಂಪು ಬಿಟ್ಟುಕೊಟ್ಟವರು ನಾಳೆ ನೀರನ್ನು ‘ವಾಟರ್’ ಎನ್ನುತ್ತಾರೆ.

ಮಧುಗಿರಿಯಿಂದ:

ನಾಳೆಯೇಕೆ, ಹೋಟೆಲಿನಲ್ಲಿ ಇಂದೇ ಎನ್ನುತ್ತಿದ್ದಾರೆ. ಅದು ಹೋಟೆಲಿನವರ ಖಾಯಿಲೆ, ಪಂಪಿನದಲ್ಲ. ಇಲ್ಲದ ವಸ್ತುವಿನ ಜೊತೆ ಬಂದ ಪದ ಬೇರೆ, ಇದ್ದ ಪದವನ್ನು ಹೊರದಬ್ಬಿ ಕುಳಿತ ಪದ ಬೇರೆ. ಎರಡನ್ನೂ ಒಂದೇ ಕೋಲಿನಿಂದ ಹೊಡೆಯುವುದು ನಿಮ್ಮ ಹಳೆಯ ಚಾಳಿ. ಬಂಗಾರಪೇಟೆಯವರ ‘ಸುತ್ತು’, ‘ಜಾಲಿಸು’ ಎರಡೂ ನಿಮ್ಮ ಮೂರು ಪದಗಳಿಗಿಂತ ಅಚ್ಚಕನ್ನಡವಾಗಿವೆ, ಗಮನಿಸಿ.

ಗೌರಿಬಿದನೂರಿನಿಂದ:

ಕಾರ್ಟ್ರಿಜ್‌ಗೆ ಕನ್ನಡದಲ್ಲಿ ‘ತೋಟಾ’ ಇದೆ. ಬಂದೂಕಿನ ತೋಟಾ ಕೇಳಿಲ್ಲವೇ?

ಬಂಗಾರಪೇಟೆಯಿಂದ:

ಕೇಳಿದ್ದೇವೆ. ‘ವಾರಕ್ಕೊಮ್ಮೆ ತೋಟಾ ತೊಳೆಯಿರಿ’ ಎಂದು ಬರೆದರೆ ಮಾಲಿ ಅಡಿಕೆ ಮರಗಳಿಗೆ ನೀರು ಬಿಟ್ಟು ಬರುತ್ತಾನೆ.

ತುಮಕೂರಿನಿಂದ:

ಎಲ್ಲರಿಗೂ ಕೃತಜ್ಞತೆಗಳು. ಬಂಗಾರಪೇಟೆಯವರ ಲೆಕ್ಕವನ್ನು ಯಜಮಾನರಿಗೆ ಓದಿಹೇಳಿದೆ. ಬೋರ್‌ವೆಲ್ ಮೋಟಾರಿನ ಆಸೆ ಬಿಟ್ಟರು. 300 ಲೀಟರಿನ ಮಾತು ಕೇಳಿ ಮರಳಿನ ಫಿಲ್ಟರನ್ನೂ ಬಿಟ್ಟು, ಮುಕ್ಕಾಲು ಎಚ್‌ಪಿ ಪಂಪಿನೊಂದಿಗೆ ಕಾರ್ಟ್ರಿಜ್ ಫಿಲ್ಟರಿಗೆ ಮುಂಗಡ ಕೊಟ್ಟಿದ್ದಾರೆ. ಹಾಗಾಗಿ ಆರು ಸ್ಥಾನಗಳ ವಾಲ್ವೂ ಇಲ್ಲ, ಬ್ಯಾಕ್‌ವಾಷಿಗೆ ಪದವೂ ಬೇಕಿಲ್ಲ. ಬೋರ್ಡಿನಲ್ಲಿ ಹೀಗೆ ಬರೆಸುತ್ತಿದ್ದೇನೆ: ‘ಮುಳ್ಳು ಕೆಂಪು ಗೆರೆ ಮುಟ್ಟಿದರೆ ಮೋಟಾರು ಆಫ್ ಮಾಡಿ. ಗಾಳಿ ಬಿಟ್ಟು ಮುಚ್ಚಳ ತೆಗೆಯಿರಿ. ಫಿಲ್ಟರಿನ ಉರುಳೆಯನ್ನು ಮಡಿಕೆ ಬಿಡಿಸಿ, ಪೈಪಿನ ನೀರಿನಿಂದ ತೊಳೆಯಿರಿ. ಬ್ರಷ್ ಹಾಕಬೇಡಿ. ಈ ನೀರು ಕುಡಿಯಲು ಅಲ್ಲ.’ ತಿದ್ದುಪಡಿ ಇದ್ದರೆ ರಾತ್ರಿಯೊಳಗೆ ತಿಳಿಸಿ. ‘ಹಿಂದೊಳೆತ’ದ ಚರ್ಚೆಯನ್ನು ಬೇರೆ ತಲೆಬರಹದಲ್ಲಿ ಮುಂದುವರಿಸಬಹುದು.

ಶಿರಾದಿಂದ:

ಬೋರ್ಡು ಅಲ್ಲ, ಹಲಗೆ.